ನೂರಾ ಎಂಬತ್ತೆರಡನೆಯ ತೊಗರಿಕಾಳು

ಸಮಸ್ತ ನಾಗರಿಕರ ಅವಗಾಹನೆಗೆ: ಹೈದರಾಬಾದಿನ ಮೆಹದಿಪಟ್ಟಣಂ ಬಸ್ ನಿಲ್ದಾಣದ ಎದುರಿಗಿರುವ ಜೆರಾಕ್ಸ್ ಅಂಗಡಿಯ ಮೆಟ್ಟಿಲಿನ ಕೆಳಗೆ ಇರುವ ಮೇಜಿನ, ಎಡಗಡೆಯ ಹಿಂಗಾಲಿನ ಅಡಿಯಲ್ಲಿ ಬಹುಕಾಲದಿಂದ ಸೇವೆ ಸಲ್ಲಿಸುತ್ತಿದ್ದ ರಟ್ಟಿನ ಚೂರನ್ನು ಇಂದು ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಿವೃತ್ತಿಗೊಳಿಸಿ, ಆ ಸ್ಥಾನಕ್ಕೆ ಹೊಸ ರಟ್ಟಿನ ಚೂರನ್ನು ನೇಮಿಸಲಾಗಿದೆ. ಸಮಾರಂಭಕ್ಕೆ ಗಣ್ಯರು ಯಾರೂ ಬಂದಿರಲಿಲ್ಲ. ಹಾರ ತುರಾಯಿ ಇರಲಿಲ್ಲ. ಮೇಜು ಈಗ ಅಲುಗುವುದಿಲ್ಲ.

ನಗಬೇಡಿ. ಈ ಮೇಜು ಅಲುಗಿದರೆ ಅದರ ಮೇಲಿನ ತೊಗರಿಕಾಳು ಉರುಳುತ್ತದೆ. ಕಾಳು ಕ್ಯಾಲೆಂಡರಿನ ಒಂದು ಮನೆಯಿಂದ ಪಕ್ಕದ ಮನೆಗೆ ಉರುಳಿದರೆ, ಸೌದಿಯ ದಮ್ಮಾಮಿನಲ್ಲಿ ಇನ್ನೂ ಹಾಸಿಗೆ ಸುತ್ತುತ್ತಿರುವ ಮನುಷ್ಯ ಹೈದರಾಬಾದಿನಲ್ಲಿ ಒಂದು ದಿನ ಮೊದಲೇ ಇಳಿದುಬಿಡುತ್ತಾನೆ. ಹಾಗೆ ಇಳಿದವನ ಕೊರಳಿಗೆ ಆದಾಯ ತೆರಿಗೆ ಬಂದು ಬೀಳುತ್ತದೆ. ಆದ್ದರಿಂದ ಬಂಡೆಮ್ಮ ಎದ್ದು ಮುಖ ತೊಳೆದು ಅಂಗಡಿಗೆ ಬಂದ ಮೇಲೆ ಮಾಡುವ ಮೊದಲ ಕೆಲಸ, ಎರಡೂ ಅಂಗೈ ಊರಿ ಮೇಜನ್ನು ಅಲುಗಾಡಿಸಿ ನೋಡುವುದು. ದೇವರಿಗೆ ಊದುಬತ್ತಿ ಆಮೇಲೆ.

ಬಂಡೆಮ್ಮನ ವಯಸ್ಸು ಐವತ್ತೆಂಟು. ಊರು ಬೀದರ ಜಿಲ್ಲೆಯ ಚಿಟಗುಪ್ಪ. ಉದ್ಯೋಗ, ಮಂದಿಯ ದಿನ ಎಣಿಸುವುದು. ಮೆಟ್ಟಿಲು ತಲೆಗೆ ಬಡಿಯದಂತೆ ಬಲಕ್ಕೆ ವಾಲಿ ಕೂತು ಕೂತು, ಈಗ ಎದ್ದು ನಿಂತರೂ ಬಲಕ್ಕೇ ವಾಲುತ್ತಾರೆ. ಎಲೆಮರೆಯ ಕಾಯಿ ಅನ್ನೋಣವೆಂದರೆ ಅಲ್ಲಿ ಎಲೆಯೂ ಇಲ್ಲ, ಕಾಯಿಯೂ ಇಲ್ಲ. ಇರುವುದು ಮೆಟ್ಟಿಲ ಮರೆ ಮತ್ತು ಒಂದು ಡಬ್ಬಿ ಕಾಳು.

ಕೆಲಸ ಹೀಗೆ. ಕೆಲಸಕ್ಕೆಂದು ಹೊರದೇಶಕ್ಕೆ ಹೋದವನು, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ ನೂರಾ ಎಂಬತ್ತೆರಡು ದಿನ ಭಾರತದ ನೆಲದ ಮೇಲೆ ಇದ್ದನೆಂದರೆ ಆ ವರ್ಷಕ್ಕೆ ಅವನು ಇಲ್ಲಿಯವನು. ಕೆಲವೇ ವರ್ಷ ಹೊರಗಿದ್ದು ಬಂದವನಾದರೆ, ಅಲ್ಲಿ ಗಳಿಸಿದ್ದಕ್ಕೂ ಇಲ್ಲಿ ತೆರಬೇಕು. ನೂರಾ ಎಂಬತ್ತೊಂದೇ ದಿನ ಇದ್ದನೆಂದರೆ ಹೊರಗಿನವನು. ಅಲ್ಲಿಯ ಗಳಿಕೆಯ ತಂಟೆಗೆ ಸರ್ಕಾರ ಬರುವುದಿಲ್ಲ. ಗಲ್ಫಿಗೆ ಹೋದವರು ಅಲ್ಲಿದ್ದಷ್ಟು ದಿನ ಇಲ್ಲಿಯ ತೆರಿಗೆ ರಿಟರ್ನ್ ಹಾಕುವ ಗೊಡವೆಗೆ ಹೋಗಿರುವುದಿಲ್ಲ. ಊರಿಗೆ ಮರಳಿ, ಬ್ಯಾಂಕೋ ಇಲಾಖೆಯೋ ಕೇಳಿದಾಗ, ಹಳೇ ವರ್ಷಗಳನ್ನು ಹುಡುಕಿಕೊಂಡು ಓಡುತ್ತಾರೆ. ಆಗ ಆಡಿಟರ್ ಕೇಳುವ ಮೊದಲ ಪ್ರಶ್ನೆ, ಎಷ್ಟು ದಿನ ಎಲ್ಲಿದ್ದಿರಿ? ಉತ್ತರ ಪಾಸ್‌ಪೋರ್ಟಿನ ಮುದ್ರೆಗಳಲ್ಲಿ ಇರುತ್ತದೆ. ಮುದ್ರೆಗಳೋ, ಒಂದರ ಮೇಲೊಂದು ಬಿದ್ದು, ಮಸಿ ಹರಡಿ, ಜಾತ್ರೆಯಲ್ಲಿ ಕಳೆದುಹೋದ ಮಕ್ಕಳಂತೆ ಇರುತ್ತವೆ. ಅವುಗಳನ್ನು ಕೈಹಿಡಿದು ಮನೆ ಸೇರಿಸುವವರು ಬಂಡೆಮ್ಮ.

ಬೇಗಂ ಬಜಾರಿನ ಕಿರಾಣಿ ಸಗಟು ವ್ಯಾಪಾರಿಯೊಬ್ಬರು ವರ್ಷಾ ವರ್ಷಾ ಪುಕ್ಕಟೆ ಹಂಚುವ ಗೋಡೆ ಕ್ಯಾಲೆಂಡರುಗಳನ್ನು ಅವರು ಹದಿನೇಳು ವರ್ಷದಷ್ಟು ಜೋಡಿಸಿಟ್ಟಿದ್ದಾರೆ. ಒಂದೊಂದು ದಿನಕ್ಕೂ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಮನೆ. ಇಂಗ್ಲಿಷ್ ತಾರೀಕಿನ ಜೊತೆಗೆ ತೆಲುಗು ತಿಥಿ, ಉರ್ದುವಿನಲ್ಲಿ ಹಿಜರಿ ತಾರೀಕು. ಸೌದಿಯ ಮುದ್ರೆಯಲ್ಲಿ ಹಿಜರಿ ಇದ್ದರೂ ಬಂಡೆಮ್ಮನಿಗೆ ತೊಡಕಿಲ್ಲ. ಓದಿದ್ದು ನಾಲ್ಕನೇ ಇಯತ್ತೆ, ಕನ್ನಡ ಸಾಲೆಯಲ್ಲಿ. ಉರ್ದು ಅಂಕಿಗಳನ್ನು ಕಲಿಸಿದ್ದು ಪಕ್ಕದ ದರ್ಜಿಯ ಅಳತೆ ಪುಸ್ತಕ. ಒಳಬಂದ ಮುದ್ರೆಯಿಂದ ಹೊರಹೋದ ಮುದ್ರೆಯವರೆಗೆ ಮನೆಗೊಂದು ತೊಗರಿಕಾಳು ಇಡುತ್ತಾ ಹೋಗುತ್ತಾರೆ. ಹೊರಗಿದ್ದ ದಿನ ಖಾಲಿ.

ಹೊರಗಿದ್ದ ದಿನಕ್ಕೂ ಬೇರೆ ಕಾಳು ಇಡಬಹುದಲ್ಲ ಎಂದು ಯಾರೋ ಓದಿಕೊಂಡವರು ಸಲಹೆ ಕೊಟ್ಟಿದ್ದರಂತೆ. "ಯಾಕ್ ಇಡಬೇಕ್ರಿ? ಅವತ್ತ ಇಲ್ಲಿ ಅವ್ರ ಪಾಲಿನ ಬ್ಯಾಳಿ ಬೆಂದಿಲ್ಲಲ್ಲ," ಎನ್ನುತ್ತಾರೆ ಬಂಡೆಮ್ಮ.

ಮಾರ್ಚ್ ತಿಂಗಳಲ್ಲಿ ದಿನಕ್ಕೆ ಹತ್ತು ಹನ್ನೊಂದು ಪಾಸ್‌ಪೋರ್ಟ್ ಬರುತ್ತವೆ. ಉಳಿದ ತಿಂಗಳಲ್ಲಿ ಎರಡು, ಕೆಲವು ದಿನ ಅದೂ ಇಲ್ಲ. ಒಂದಕ್ಕೆ ನೂರೈವತ್ತು ರೂಪಾಯಿ. ಮಂದಿಯ ದಿನಕ್ಕೆ ಕೂಲಿ ಪಡೆಯುವ ಈಕೆಯೇ ನಿಜವಾದ ದಿನಗೂಲಿ. ಅಂಗಡಿಯ ಒಡತಿ ಯಮುನಾಬಾಯಿ ಜಾಗಕ್ಕೆ ಬಾಡಿಗೆ ಕೇಳುವುದಿಲ್ಲ. ಬದಲಿಗೆ ಬಂಡೆಮ್ಮ ಬೆಳಗ್ಗೆ ಶಟರ್ ಎತ್ತಿ ಕಸ ಹೊಡೆಯಬೇಕು. ಎಣಿಕೆ ಮುಗಿದ ಮೇಲೆ ಇಲ್ಲೊಂದು ಪದ್ಧತಿ ಇದೆ. ಆ ಗಿರಾಕಿಯ ಕಾಳನ್ನು ಡಬ್ಬಿಗೆ ಮರಳಿ ಸುರಿಯುವಂತಿಲ್ಲ. ಕಾಗದದ ಪೊಟ್ಟಣ ಕಟ್ಟಿ ಅವರ ಕೈಗೇ ಕೊಡುತ್ತಾರೆ. ಒಬ್ಬರ ದಿನ ಇನ್ನೊಬ್ಬರ ಲೆಕ್ಕಕ್ಕೆ ಹೋಗಬಾರದು. ಬಿಎಂಡಬ್ಲ್ಯು ಕಾರಿನಲ್ಲಿ ಬಂದವರೂ ಒಂದು ಹಿಡಿ ತೊಗರಿ ಹಿಡಿದು, ಏನು ಮಾಡಬೇಕೆಂದು ತಿಳಿಯದೆ ಹೋಗುವುದನ್ನು ಈ ರಸ್ತೆ ನೋಡಿದೆ.

ಈ ಪದ್ಧತಿ ಹುಟ್ಟಿದ್ದು ಕಾಳಿನಿಂದಲ್ಲ, ಕೇಡಿನಿಂದ. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನ ಜೊತೆ ಹೈದರಾಬಾದಿಗೆ ಬಂದ ಬಂಡೆಮ್ಮ, ಕೇಂದ್ರ ಸರ್ಕಾರದ ನೌಕರರ ವಸತಿಗೃಹ ಕಟ್ಟುವಲ್ಲಿ ಕೂಲಿಯಾಳುಗಳ ಹಾಜರಿ ನೋಡಿಕೊಳ್ಳುತ್ತಿದ್ದರು. ಸಹಿ ಬಾರದ ಆಳುಗಳಿಗೆ ಒಂದೊಂದು ಡಬ್ಬಿ, ಬಂದ ದಿನಕ್ಕೆ ಒಂದೊಂದು ಕಾಳು. ಪಗಾರದ ದಿನ ಕಾಳು ಎಣಿಸಿ, ಹಣ ಕೊಡಿಸಿ, ಕಾಳನ್ನು ಆಳಿನ ಸೆರಗಿಗೆ ಹಾಕಿಬಿಡುವುದು. ಮೇಸ್ತ್ರಿಯ ರಿಜಿಸ್ಟರು ಇಪ್ಪತ್ತೆರಡು ಅಂದಾಗ ಡಬ್ಬಿ ಇಪ್ಪತ್ತಾರು ಅಂದಿದ್ದುಂಟು. ಗೆದ್ದದ್ದು ಡಬ್ಬಿ.

ಆದರೆ ಅದೇ ಡಬ್ಬಿ ಸ್ವಂತ ಮನೆಯಲ್ಲಿ ಸೋತಿತು. ಗಂಡ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದ. ವರ್ಷಕ್ಕೆ ಇನ್ನೂರಾ ನಲವತ್ತು ದಿನ ತುಂಬಿದ ಆಳನ್ನು ಸುಲಭಕ್ಕೆ ಕೈಬಿಡುವಂತಿಲ್ಲ. ಆದ್ದರಿಂದ ಗುತ್ತಿಗೆದಾರ ಪ್ರತಿ ವರ್ಷ ಇನ್ನೂರಾ ಮೂವತ್ತೊಂಬತ್ತಕ್ಕೆ ಮನೆಗೆ ಕಳಿಸುತ್ತಿದ್ದ. ಕೊನೆಯ ವರ್ಷ, ಕೆಲಸವಿಲ್ಲದ ಒಂದು ದಿನದ ರಾತ್ರಿ ಹಾಲಿನ ಲಾರಿ ತಡವಾಗಿ ಬಂದು, ಹತ್ತು ಗಂಟೆಗೆ ಕರೆಸಿ ಕ್ಯಾನು ಇಳಿಸಿಕೊಂಡರು. ಬಂಡೆಮ್ಮ ಅದಕ್ಕೂ ಒಂದು ಕಾಳು ಹಾಕಿದರು. ಡಬ್ಬಿಯಲ್ಲಿ ಇನ್ನೂರಾ ನಲವತ್ತಾಯಿತು. ಅದೇ ವರ್ಷ ಎದೆನೋವಿನಿಂದ ಗಂಡ ತೀರಿಕೊಂಡಾಗ, ಬರಬೇಕಾದ ಹಣ ಕೇಳಲು ಡಬ್ಬಿ ಹೊತ್ತುಕೊಂಡು ಹೋದರು. ಗುತ್ತಿಗೆದಾರ ಕಾಳು ನೋಡಿ ನಗಲಿಲ್ಲ, ಬೈಯಲೂ ಇಲ್ಲ. ಎರಡು ತಾಸಿನ ಕೆಲಸ ದಿನ ಆಗುವುದಿಲ್ಲ, ಅರ್ಧ ದಿನ ದಿನ ಅಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡ.

"ಕಾಳಿಗೆ ಮುದ್ರಿ ಇರಲಿಲ್ಲರಿ," ಎನ್ನುತ್ತಾರೆ ಬಂಡೆಮ್ಮ. "ಪಾಸ್‌ಪೋರ್ಟಿಗೆ ಮುದ್ರಿ ಇರ್ತದ. ಅದಕ್ಕ ಈ ಕೆಲಸ ಹಿಡಿದೆ."

ಹಿಡಿದು ಹನ್ನೊಂದು ವರ್ಷ. ಜೆರಾಕ್ಸ್ ಅಂಗಡಿಯಲ್ಲಿ ಕಸ ಹೊಡೆಯುತ್ತಿದ್ದಾಗ, ಆಡಿಟರ್ ಕಚೇರಿಯವರೊಬ್ಬರು ಪಾಸ್‌ಪೋರ್ಟ್ ಹಿಡಿದು ಬೆರಳು ಮಡಚುತ್ತಾ ನಿಂತಿದ್ದರು. ಬಂಡೆಮ್ಮ ಗೋಡೆಯ ಕ್ಯಾಲೆಂಡರ್ ಇಳಿಸಿ, ಮನೆಗೆ ಒಯ್ಯಲು ತಂದಿದ್ದ ತೊಗರಿಯ ಚೀಲ ಬಿಚ್ಚಿದರು. ಈಗ ಬೇಗಂಪೇಟೆಯ ಆಡಿಟರ್ ಶ್ರೀಹರ್ಷ ಅವರಂಥ ನಾಲ್ಕೈದು ಮಂದಿ, ಕಂಪ್ಯೂಟರ್ ಇದ್ದರೂ, ಬಂಡೆಮ್ಮನ ಚೀಟಿ ನೋಡದೆ ಅಂಕಿ ತುಂಬುವುದಿಲ್ಲ. ಮೂಲತಃ ಮೈಸೂರಿನವರಾದ ಶ್ರೀಹರ್ಷ ಹೇಳುವ ಪ್ರಕಾರ ಆರು ವರ್ಷದಲ್ಲಿ ಆ ಚೀಟಿ ಒಮ್ಮೆಯೂ ತಪ್ಪಿಲ್ಲ. ಬಂಡೆಮ್ಮನ ನಿಯಮ ಒಂದೇ: ಬಂದ ದಿನವೂ ದಿನ, ಹೋದ ದಿನವೂ ದಿನ. ಎರಡು ತಾಸಿದ್ದರೂ ದಿನ. ಯಾಕೆಂದು ಕೇಳಿದರೆ ಅವರು ಮೇಜು ಒರೆಸುತ್ತಾರೆ.

ಇವತ್ತು ಹೊಸ ರಟ್ಟಿನ ಮೇಲೆ ನಿಂತ ಮೇಜಿಗೆ ಮೊದಲ ಗಿರಾಕಿ ಚನ್ನಬಸಪ್ಪ. ಮಾರ್ಚ್ ಮುಗಿಯಲು ಮೂರು ದಿನ ಇದೆ. ಚಹಾದಂಗಡಿಯವನು ಒಲೆ ಹಚ್ಚುವ ಮೊದಲೇ ಬಂದು ನಿಂತಿದ್ದಾರೆ. ನಲವತ್ತಾರು ವರ್ಷ, ಭಾಲ್ಕಿಯ ಕಡೆಯವರು, ಕ್ರೇನ್ ಆಪರೇಟರ್. ತಾಯಿ, ಹೆಂಡತಿಯೊಂದಿಗೆ ಇದೇ ಮೆಹದಿಪಟ್ಟಣದಲ್ಲಿದ್ದವರು, ಎರಡು ಸಾವಿರದ ಹತ್ತೊಂಬತ್ತರಲ್ಲಿ ದಮ್ಮಾಮಿಗೆ ಹೋಗಿ, ಇಪ್ಪತ್ತಮೂರರ ಅಕ್ಟೋಬರಿನಲ್ಲಿ ಮರಳಿದ್ದಾರೆ. ಈಗ ಬೇರೆಯವರ ಕ್ರೇನ್ ನಡೆಸುವುದು ಬಿಟ್ಟು, ಹಳೆಯದೊಂದು ಹೈಡ್ರಾ ಕ್ರೇನ್ ಕೊಳ್ಳಬೇಕೆಂದಿದ್ದಾರೆ. ಮಾರುವವನು ಮಾರ್ಚ್ ಮೂವತ್ತೊಂದರವರೆಗೆ ಕಾಯುತ್ತಾನೆ. ಬ್ಯಾಂಕ್ ಸಾಲ ಕೊಡುತ್ತದೆ, ಆದರೆ ಎರಡು ವರ್ಷದ ರಿಟರ್ನ್ ಬೇಕು. ಒಂದು ವರ್ಷದ್ದು ಇದೆ. ಇಲ್ಲದಿರುವುದು, ಮರಳಿ ಬಂದ ವರ್ಷದ್ದು.

ಅವರು ಪಾಸ್‌ಪೋರ್ಟ್ ಕೊಡುವ ಮೊದಲೇ ಉತ್ತರ ಕೊಡುತ್ತಾರೆ. "ಎಣಿಸೂದ ಬ್ಯಾಡ್ರಿ ಅಕ್ಕಾರ. ನೂರಾ ಎಂಬತ್ತೊಂದ. ನಾ ಅಲ್ಲೇ ಎಣಿಸಿಕೊಂಡ ಬಂದೀನಿ."

"ನೀವ್ ಎಣಿಸಿದ್ದು ನಿಮಗ, ತಮ್ಮಾ. ನಾ ಎಣಿಸೂದು ಕಾಗದಕ್ಕ."

ದಮ್ಮಾಮಿನ ಕ್ಯಾಂಪಿನಲ್ಲಿ ಒಂದು ಸೂತ್ರ ಬಾಯಿಂದ ಬಾಯಿಗೆ ಹರಿಯುತ್ತಿತ್ತಂತೆ. ಅದರ ಹೆಸರು ಗಾಂಧಿ ಲೆಕ್ಕ. ಖಾಯಂ ಆಗಿ ಊರಿಗೆ ಮರಳುವವರು ಗಾಂಧಿ ಜಯಂತಿಯ ದಿನ ಇಳಿಯಬೇಕು, ಅದಕ್ಕಿಂತ ಮೊದಲು ಆ ವರ್ಷ ಇತ್ತ ಕಾಲಿಡಬಾರದು. ಇಟ್ಟರೆ ದಿನ ಕೂಡುತ್ತವೆ. ಅಕ್ಟೋಬರ್ ಎರಡರಿಂದ ಮಾರ್ಚ್ ಮೂವತ್ತೊಂದಕ್ಕೆ ನೂರಾ ಎಂಬತ್ತೊಂದು. ಸತ್ಯವಂತನ ಹುಟ್ಟುಹಬ್ಬದ ದಿನ ಇಳಿದವನಿಗೆ ತೆರಿಗೆಯ ತೆರೆ ತಾಕುವುದಿಲ್ಲ. ಚನ್ನಬಸಪ್ಪ ಜನವರಿಯಲ್ಲೇ ಕಂಪನಿಗೆ ಹೇಳಿ ಆ ದಿನದ ಟಿಕೆಟ್ ಮಾಡಿಸಿದ್ದರು. ಅದನ್ನು ಮತ್ತೆ ಬದಲಿಸುವಂತಿರಲಿಲ್ಲ.

ಆಗಸ್ಟಿನಲ್ಲಿ ತಾಯಿ ತೀರಿಕೊಂಡರು. ರಜೆ ಸಿಗುತ್ತಿತ್ತು. ಮೂರು ದಿನಕ್ಕೆ ಬಂದು ಹೋಗಬಹುದಿತ್ತು. ಕ್ಯಾಂಪಿನವರು ರಾತ್ರಿಯೆಲ್ಲ ಸುತ್ತ ಕೂತು ಲೆಕ್ಕ ಹೇಳಿದರು: ಮೂರು ದಿನ ಕೂಡಿದರೆ ನೂರಾ ಎಂಬತ್ತನಾಲ್ಕು, ಈ ವರ್ಷದ ಬೆವರಿನಲ್ಲಿ ಪಾಲು ಹೋಗುತ್ತದೆ, ಅವ್ವ ಹೇಗೂ ಹೋಗಿದ್ದಾಳೆ.

"ಮೊಬೈಲ್‌ನ್ಯಾಗ ನೋಡಿದೆ ಅಕ್ಕಾರ," ಚನ್ನಬಸಪ್ಪ ಕ್ಯಾಲೆಂಡರಿನ ಕಡೆ ನೋಡುತ್ತಾ ಹೇಳುತ್ತಾರೆ. "ನನ್ನ ಪಾಲಿನ ಮಣ್ಣೂ ತಮ್ಮನೇ ಹಾಕಿದ."

ಬಂಡೆಮ್ಮ ಕಾಳು ಇಡುತ್ತಾರೆ. ಅಕ್ಟೋಬರಿನಲ್ಲಿ ಮೂವತ್ತು. ನವೆಂಬರಿನಲ್ಲಿ ಮೂವತ್ತು. ಡಿಸೆಂಬರ್, ಜನವರಿ, ಮೂವತ್ತೊಂದು ಮೂವತ್ತೊಂದು. ಫೆಬ್ರವರಿಯ ಹಾಳೆಗೆ ಬಂದಾಗ ಕೈ ಸ್ವಲ್ಪ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಮಾರ್ಚ್ ಮುಗಿಸಿ, ಎಲ್ಲವನ್ನೂ ಹತ್ತರ ಗುಂಪು ಮಾಡಿ ಎಣಿಸುತ್ತಾರೆ. ಹದಿನೆಂಟು ಗುಂಪು, ಮೇಲೆ ಎರಡು.

ಚನ್ನಬಸಪ್ಪ ಒಂದು ಕಾಳು ಹೆಚ್ಚು ಬಿದ್ದಿದೆ ಎನ್ನುತ್ತಾರೆ. ಬಂಡೆಮ್ಮ ಮತ್ತೆ ಮನೆಮನೆಗೆ ಇಟ್ಟು ತೋರಿಸುತ್ತಾರೆ. ಫೆಬ್ರವರಿಯ ಕೊನೆಯ ಗುರುವಾರದ ಮೇಲೆ ಒಂದು ಕಾಳು ಕೂತಿದೆ.

"ಫೆಬ್ರವರಿಗೆ ಇಪ್ಪತ್ತೆಂಟ ಅಲ್ಲೇನ್ರಿ?"

"ಆ ವರ್ಷ ಇಪ್ಪತ್ತೊಂಬತ್ತ, ತಮ್ಮಾ."

ನಾಲ್ಕು ವರ್ಷಕ್ಕೊಮ್ಮೆ ಬರುವ ನೆಂಟನನ್ನು ಕ್ಯಾಂಪಿನ ಪಂಡಿತರೆಲ್ಲ ಮರೆತಿದ್ದರು. ಗಾಂಧಿ ಲೆಕ್ಕ ಮೂರು ವರ್ಷ ಸರಿ, ಒಂದು ವರ್ಷ ತಪ್ಪು. ಚನ್ನಬಸಪ್ಪನಿಗೆ ಸಿಕ್ಕಿದ್ದು ಆ ಒಂದು. ಅವರು ಆ ಗುರುವಾರ ಏನು ಮಾಡಿದೆ ಎಂದು ನೆನಪಿಸಿಕೊಳ್ಳಲು ನೋಡುತ್ತಾರೆ. ನೆನಪಾಗುವುದಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, ಚೀಟಿಯಲ್ಲಿ ನೂರಾ ಎಂಬತ್ತೊಂದು ಅಂತ ಬರೆದುಕೊಡಲು ಕೇಳುತ್ತಾರೆ. ರೊಕ್ಕ ಎಷ್ಟಾದರೂ ಕೊಡುತ್ತೇನೆ ಎನ್ನುವುದಿಲ್ಲ. "ಎಂಬತ್ತೆರಡ ಆದ್ರ, ಅವ್ವನ ಮಣ್ಣಿಗೆ ನಾ ಬರದೇ ಇದ್ದದ್ದು ವ್ಯರ್ಥ ಆತ್ರಿ," ಎನ್ನುತ್ತಾರೆ ಅಷ್ಟೆ.

ಬಂಡೆಮ್ಮ ಬರೆಯುವುದಿಲ್ಲ. ಚಹಾ ತರಿಸುತ್ತಾರೆ.

ಎಂಟು ಗಂಟೆಗೆ ಸ್ಕೂಟರಿನಲ್ಲಿ, ಚನ್ನಬಸಪ್ಪನ ರಿಟರ್ನ್ ಹಾಕಬೇಕಿದ್ದ ಶ್ರೀಹರ್ಷ ಬರುತ್ತಾರೆ. ಕಾಳು ನೋಡಿ, ಪಾಸ್‌ಪೋರ್ಟ್ ನೋಡಿ, ಹಳೆಯ ಬೋರ್ಡಿಂಗ್ ಪಾಸಿನ ಚೂರು ನೋಡಿ, ತಟ್ಟನೆ ಅವರ ಮುಖ ಬೆಳಗುತ್ತದೆ. ವಿಮಾನ ಇಳಿದದ್ದು ರಾತ್ರಿ ಹತ್ತು ಐವತ್ತಕ್ಕೆ. ಬಂದ ದಿನ ಪೂರ್ತಿ ದಿನವಲ್ಲ, ಅದನ್ನು ಬಿಡಬೇಕು ಎಂದು ವಾದಿಸಬಹುದು. ಹಾಗೆ ಬಿಟ್ಟ ತೀರ್ಪುಗಳೂ ಇವೆ. ಅಕ್ಟೋಬರ್ ಎರಡರ ಕಾಳು ತೆಗೆದರೆ ನೂರಾ ಎಂಬತ್ತೊಂದು. ರಿಟರ್ನ್ ಹಾಕಿದರೆ ಬ್ಯಾಂಕಿಗೆ ಕಾಗದ ಸಿಗುತ್ತದೆ, ಕ್ರೇನ್ ಬರುತ್ತದೆ, ದಮ್ಮಾಮಿನ ಗಳಿಕೆ ಉಳಿಯುತ್ತದೆ. ಚನ್ನಬಸಪ್ಪನ ಮಟ್ಟಿಗೆ ಇನ್ನೂ ದೊಡ್ಡದು ಉಳಿಯುತ್ತದೆ. ಆದರೆ ಬಂಡೆಮ್ಮನ ಚೀಟಿಯಲ್ಲಿ ಬಂದ ದಿನ ಬಿಟ್ಟ ಲೆಕ್ಕವೂ ಇರಬೇಕು.

"ಒಂದೂವರೆ ಗಂಟೆ ಕೂಡ ಇರ್ಲಿಲ್ಲ ಅಮ್ಮ ಅವತ್ತು," ಎನ್ನುತ್ತಾರೆ ಶ್ರೀಹರ್ಷ. "ಅದನ್ನೂ ಒಂದು ದಿನ ಅನ್ನೋದು ಅನ್ಯಾಯ ಅಲ್ವಾ?"

ಬಂಡೆಮ್ಮ ಮೇಜಿನ ಖಾಲಿ ಅಂಚನ್ನು ಒರೆಸುತ್ತಾರೆ. ಬಸ್ಸುಗಳು ಬರುತ್ತವೆ, ಹೋಗುತ್ತವೆ. ಯಮುನಾಬಾಯಿ ಒಳಗಿನಿಂದ ಬಂದು, ಮೇಜಿನ ಮೇಲಿನ ಕಾಳು ನೋಡಿ ಒಳಗೆ ಹೋಗುತ್ತಾರೆ. ಆ ಹಾಲಿನ ಲಾರಿಯ ರಾತ್ರಿ ಬಂಡೆಮ್ಮನ ಗಂಡ ದುಡಿದದ್ದೂ ಎರಡು ತಾಸು. ಕೊನೆಗೆ ಬಂಡೆಮ್ಮ ಅಕ್ಟೋಬರ್ ಎರಡರ ಮನೆಯಿಂದ ಕಾಳನ್ನು ಉಗುರಿನಲ್ಲಿ ಎತ್ತಿ ಮೇಜಿನ ಅಂಚಿಗೆ ಇಡುತ್ತಾರೆ. "ಹಂಗಂದ್ರ ಹಂಗ. ಅರ್ಧ ದಿನ ದಿನ ಅಲ್ಲ," ಎನ್ನುತ್ತಾರೆ. ಈ ಮಾತು ಅವರ ಬಾಯಿಂದ ಬಂದದ್ದು ಇದೇ ಮೊದಲು.

ಚೀಟಿಯಲ್ಲಿ ಹೀಗೆ ಬರೆಯುತ್ತಾರೆ: ಒಟ್ಟು 182. ಬಂದ ರಾತ್ರಿ ಬಿಟ್ಟರೆ 181. ಸುಳ್ಳು ಒಂದಕ್ಷರವೂ ಇಲ್ಲ. ಚನ್ನಬಸಪ್ಪ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾರೆ.

ಶ್ರೀಹರ್ಷ ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಗಡುವು ದಾಟಿದ ವರ್ಷಕ್ಕೆ ತಡವಾಗಿ ಹಾಕುವ ಬೇರೆಯದೇ ರಿಟರ್ನ್ ಇದೆ. ಒಂದೊಂದೇ ಮನೆ ತುಂಬುತ್ತಾರೆ. ದಿನ, ನೂರಾ ಎಂಬತ್ತೊಂದು. ಇಲ್ಲಿಯ ಆದಾಯ, ಬ್ಯಾಂಕಿನ ಒಂದಿಷ್ಟು ಬಡ್ಡಿ. ಕಟ್ಟಬೇಕಾದ ತೆರಿಗೆ, ಸೊನ್ನೆ. ಒತ್ತುತ್ತಾರೆ. ಪರದೆಯ ಮೇಲೆ ಕೆಂಪಕ್ಷರ ಬರುತ್ತದೆ. ಮತ್ತೆ ಒತ್ತುತ್ತಾರೆ. ಮತ್ತೆ ಕೆಂಪು. ಕನ್ನಡಕ ಮೇಲೇರಿಸಿ ಓದುತ್ತಾರೆ, ಆಮೇಲೆ ಮೊಬೈಲ್ ತೆಗೆದು ನಿಯಮ ಹುಡುಕಿ ಓದುತ್ತಾರೆ. ತಡವಾಗಿ ಅವರ ಬಳಿಗೆ ಬಂದವರೆಲ್ಲ ಅಷ್ಟೋ ಇಷ್ಟೋ ಕಟ್ಟಬೇಕಾದವರು. ಏನೂ ಕಟ್ಟಬೇಕಿಲ್ಲದ ಗಿರಾಕಿ ಅವರಿಗೂ ಇವರೇ ಮೊದಲು.

"ಕೊಡೋದು ಇದ್ರೆ ಮಾತ್ರ ಈಗ ತಗೊಳ್ತಾರೆ ಅಮ್ಮ," ಎನ್ನುತ್ತಾರೆ, ಚನ್ನಬಸಪ್ಪನ ಕಡೆ ನೋಡದೆ. "ಸೊನ್ನೆಯವರಿಗೆ ಈ ಬಾಗಿಲು ಇಲ್ಲ."

ತಪ್ಪಿತಸ್ಥನಾದರೆ ಒಳಗೆ ಬಾ, ನಿರಪರಾಧಿಯಾದರೆ ಆಗಲೇ ಬರಬೇಕಿತ್ತು. ಬಾಗಿಲ ಮೇಲೆ ಬರೆದಿರುವುದು ಇಷ್ಟು. ನೂರಾ ಎಂಬತ್ತೆರಡು ಎಂದು ತುಂಬಿದರೆ ರಿಟರ್ನ್ ಕಣ್ಣು ಮುಚ್ಚಿ ಒಳಗೆ ಹೋಗುತ್ತದೆ, ಆದರೆ ದಮ್ಮಾಮಿನ ಆರು ತಿಂಗಳ ಪಗಾರಕ್ಕೆ ತೆರಿಗೆ, ಬಡ್ಡಿ, ಮೇಲೆ ದಂಡ ಸೇರಿ, ಕ್ರೇನಿಗೆ ತೆಗೆದಿಟ್ಟ ಮುಂಗಡ ಕರಗಿಹೋಗುತ್ತದೆ. ನೂರಾ ಎಂಬತ್ತೊಂದು ಎಂದರೆ ಏನೂ ಕಟ್ಟಬೇಕಿಲ್ಲ, ಆದರೆ ರಿಟರ್ನ್ ಇಲ್ಲ, ರಿಟರ್ನ್ ಇಲ್ಲದೆ ಸಾಲ ಇಲ್ಲ. ತಡ ಮನ್ನಿಸಿ ಎಂದು ಮೇಲಿನವರಿಗೆ ಅರ್ಜಿ ಹಾಕಬಹುದು. ಅದಕ್ಕೆ ಎಷ್ಟು ತಿಂಗಳೋ ಶ್ರೀಹರ್ಷರಿಗೂ ಗೊತ್ತಿಲ್ಲ. ಕ್ರೇನಿನವನಿಗೆ ಇರುವುದು ಮೂರು ದಿನ. ಎತ್ತುವ ಯಂತ್ರವೊಂದು ಯಾವ ದಾರಿಯಲ್ಲೂ ಮೇಲೇಳದಂತೆ ಕೂತುಬಿಟ್ಟಿತು.

ಎಂಬತ್ತೆರಡು ಹಾಕಲೇ ಎಂದು ಶ್ರೀಹರ್ಷ ಮೆಲ್ಲಗೆ ಕೇಳುತ್ತಾರೆ. ಕ್ರೇನ್ ಹೋದರೂ ಕಾಗದವಾದರೂ ಸರಿಯಾಗುತ್ತದೆ, ಮುಂದೆ ಉಪಯೋಗಕ್ಕೆ ಬರುತ್ತದೆ.

"ಬ್ಯಾಡ್ರಿ," ಎನ್ನುತ್ತಾರೆ ಚನ್ನಬಸಪ್ಪ. "ಅದನ್ನ ನನ್ನ ಕೈಲೆ ಬರಸಬ್ಯಾಡ್ರಿ."

ಬಂಡೆಮ್ಮ ಕಾಳು ಬಳಿದು ಪೊಟ್ಟಣ ಕಟ್ಟುತ್ತಾರೆ. ಪದ್ಧತಿಯ ಪ್ರಕಾರ ಅಂಚಿನಲ್ಲಿಟ್ಟ ಕಾಳನ್ನೂ ಸೇರಿಸಲು ಕೈ ಚಾಚುತ್ತಾರೆ. ಚನ್ನಬಸಪ್ಪ ತಡೆಯುತ್ತಾರೆ. ನೂರಾ ಎಂಬತ್ತೊಂದು ಕಾಳಿನ ಪೊಟ್ಟಣವನ್ನು ಅಂಗಿಯ ಮೇಲಿನ ಕಿಸೆಗೆ ಹಾಕಿಕೊಂಡು, ನೂರೈವತ್ತು ರೂಪಾಯಿ ಇಟ್ಟು, ರಸ್ತೆ ದಾಟುತ್ತಾರೆ. ಬಂಡೆಮ್ಮ ಕೂಗಿ ಕರೆದು ರೊಕ್ಕ ವಾಪಸ್ ಕೊಡಬೇಕೆಂದು ಏಳುವಷ್ಟರಲ್ಲಿ ಮೆಟ್ಟಿಲು ತಲೆಗೆ ಬಡಿಯುತ್ತದೆ. ಹನ್ನೊಂದು ವರ್ಷದಿಂದ ಅವರಿಗಿರುವ ಆಸೆ ಒಂದೇ, ತಲೆ ನೆಟ್ಟಗೆ ಇಟ್ಟು ಕೂರುವಷ್ಟು ಜಾಗ.

ಒಂಬತ್ತು ಗಂಟೆಗೆ ಎರಡನೆಯ ಗಿರಾಕಿ ಬರುತ್ತಾನೆ, ಕೈಯಲ್ಲಿ ಮೂರು ಪಾಸ್‌ಪೋರ್ಟ್. ಚೀಟಿ ತಪ್ಪುವುದಿಲ್ಲ ತಾನೆ ಎಂದು ಕೇಳುತ್ತಾನೆ. ಬಂಡೆಮ್ಮ ಕ್ಯಾಲೆಂಡರ್ ಬದಲಿಸುತ್ತಾರೆ. ಮೇಜಿನ ಅಂಚಿನಲ್ಲಿ ಒಂದು ತೊಗರಿಕಾಳು ಹಾಗೇ ಇದೆ. ಹೊಸ ರಟ್ಟು ಚೆನ್ನಾಗಿ ಕೂತಿದೆ; ಬಸ್ಸು ಹಾದುಹೋದರೂ ಕಾಳು ಅಲುಗುವುದಿಲ್ಲ.

"ಹನ್ನೊಂದ ವರ್ಷದಾಗ ಒಮ್ಮೆನೂ ತಪ್ಪಿಲ್ಲರಿ," ಎನ್ನುತ್ತಾರೆ. "ಇವತ್ತ ಆ ಗುರುವಾರದ ಕಾಳು ತಪ್ಪಿದ್ರ ಚಲೋ ಇತ್ತು."